ಮಡಿಕೆ ಕತ್ತರಿಸದ ಪುಸ್ತಕ

ನಗರಸಭೆಯ ಟೈಪಿಸ್ಟಮ್ಮನ ಮಾವನನ್ನು ಊರೆಲ್ಲ ಯಾಕಪ್ಪ ಎಂದು ಕರೆಯುತ್ತಿತ್ತು. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು, ಅದು ಯಾವುದೋ ಹಳೇ ಕಾಗದದಲ್ಲಿ ಹಾಯಾಗಿ ಮಲಗಿತ್ತು. ಗಡಿಯಾರ ರಿಪೇರಿ ಅವರ ಕಸುಬು. ನಲವತ್ತೈದು ವರ್ಷ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಕಂಡವರ ಗಡಿಯಾರದ ಹೊಟ್ಟೆ ಬಿಚ್ಚಿ, 'ಇದು ಯಾಕೆ ನಿಂತಿತು?' ಎಂದು ಕೇಳಿ ಕೇಳಿ ಅವರಿಗೆ ಅದು ಚಟವಾಗಿಬಿಟ್ಟಿತ್ತು. ಅಂಗಡಿ ಮುಚ್ಚಿದ ಮೇಲೂ ಚಟ ಹೋಗಲಿಲ್ಲ. ಕೈಗೆ ಗಡಿಯಾರ ಸಿಗದಿದ್ದರೆ ಮನುಷ್ಯರನ್ನೇ ಕೇಳುತ್ತಿದ್ದರು.

ಸಂಜೆಯಾದರೆ ದರ್ಜಿಯ ಅಂಗಡಿಯಲ್ಲಿ ಇಂಥದೇ ಚಟದ ನಾಲ್ಕು ಜನ ಸೇರುತ್ತಿದ್ದರು: ಯಾಕಪ್ಪ, ದರ್ಜಿ, ಒಬ್ಬರು ನಿವೃತ್ತ ನರ್ಸಮ್ಮ, ಒಬ್ಬ ಬಸ್ ಕಂಡಕ್ಟರು. ಅದಕ್ಕೆ 'ಯಾಕೆ ಬಳಗ' ಎಂದು ತಾವೇ ಹೆಸರಿಟ್ಟುಕೊಂಡಿದ್ದರು. ಸದಸ್ಯರು ಹೆಚ್ಚಾಗದಿದ್ದುದಕ್ಕೆ ಅಂಗಡಿಯಲ್ಲಿ ನಾಲ್ಕೇ ಸ್ಟೂಲು ಇದ್ದದ್ದು ಕಾರಣವೆಂದು ದರ್ಜಿಯ ವಾದ. ಊರ ಗಡಿಯಾರ ಎರಡು ವರ್ಷದಿಂದ ಹನ್ನೆರಡಕ್ಕೆ ಕಾಲು ಗಂಟೆ ಇರುವಾಗಲೇ ಯಾಕೆ ನಿಂತಿದೆ, ಪುಕ್ಕಟೆ ರಿಪೇರಿ ಮಾಡಿಕೊಡುತ್ತೇನೆ ಎಂದು ಯಾಕಪ್ಪ ನಗರಸಭೆಗೆ ಮೂರು ಅರ್ಜಿ ಕೊಟ್ಟರೂ ಯಾಕೆ ಬೇಡವೆಂದರು ಎಂಬುದು ಅಲ್ಲಿಯ ಖಾಯಂ ಚರ್ಚೆ.

ಊರಿಗೆ ಇದು ತಮಾಷೆ. ಮನೆಯಲ್ಲಿ ಸೊಸೆಗೆ ಮಾತ್ರ ತಲೆನೋವು. ಬೆಳಿಗ್ಗೆ ಅವಳು ಒಂದು ಕೈಯಲ್ಲಿ ಬಾಚಣಿಗೆ, ಇನ್ನೊಂದು ಕೈಯಲ್ಲಿ ಊಟದ ಡಬ್ಬಿ ಹಿಡಿದು ಓಡಾಡುವ ಹೊತ್ತಿಗೇ ಅವರಿಗೆ ಜ್ಞಾನೋದಯ.

"ಅಲ್ಲಮ್ಮಾ, ಹಾಲು ಉಕ್ಕುತ್ತೆ. ನೀರು ಯಾಕೆ ಹಾಗೆ ಉಕ್ಕಲ್ಲ?"

"ಮಾವ, ಒಲೆ ಆರಿಸಿ ಅಂದಿದ್ದೆ."

"ಹೌದಲ್ವಾ!" ಎನ್ನುವಷ್ಟರಲ್ಲಿ ಹಾಲು ಒಲೆಯ ಮೇಲೆಲ್ಲ ಹರಿದಿರುತ್ತಿತ್ತು. ಒರೆಸುವವಳು ಅವಳು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಗೊಣಗಿಕೊಂಡೇ ಒರೆಸುತ್ತಿದ್ದಳು. ಗಂಡ ರೈಲಿನ ಗಾರ್ಡು, ವಾರಕ್ಕೆರಡು ದಿನ ಮನೆಯ ಮುಖ ನೋಡುವವನು. ಅವನಿಗೆ ದೂರು ಹೇಳಿದರೆ, "ನಮ್ಮಪ್ಪ ಹಾಗೇ ಕಣೇ" ಎಂದು ಹಸಿರು ಬಾವುಟ ತೋರಿಸಿ ಹೋಗುತ್ತಿದ್ದ.

ಹಾಗಂತ ಅವಳಿಗೆ ಮಾವನ ಮೇಲೆ ಪ್ರೀತಿ ಇಲ್ಲವೆಂದಲ್ಲ. ಅವಳು ಈ ಮನೆಗೆ ಬಂದ ಹೊಸತರಲ್ಲಿ, ಆಗಿನ್ನೂ ಬದುಕಿದ್ದ ಅತ್ತೆ, "ಸೊಸೆ ಕೆಲಸಕ್ಕೆ ಹೋಗೋದು ಬೇಡ" ಎಂದಾಗ, ಮಾವ ಭೂತಗನ್ನಡಿ ತೆಗೆದಿಟ್ಟು, "ಯಾಕೆ?" ಎಂದಿದ್ದರು. ಅತ್ತೆಗೆ ಉತ್ತರ ಹೊಳೆಯುವ ಮೊದಲೇ ಸೊಸೆಯನ್ನು ಟೈಪಿಂಗ್ ಕ್ಲಾಸಿಗೆ ಸೇರಿಸಿ ಬಂದಿದ್ದರು. ಆ ಒಂದು ಯಾಕೆಯಿಂದ ಅವಳ ಬದುಕು ನಡೆದಿತ್ತು. ಅದನ್ನು ಅವಳು ಮರೆತಿರಲಿಲ್ಲ, ಹಾಲು ಒರೆಸುವಾಗ ಮಾತ್ರ ಸ್ವಲ್ಪ ಮರೆಯುತ್ತಿದ್ದಳು.

ಇಂಥ ಮಾವ ಒಂದು ಪುಸ್ತಕ ಬರೆದರು. ಹೆಸರು 'ಸಂಜೆಯ ಸಂದೇಹಗಳು'. ಕಾಲ ಸರಿಯಿಲ್ಲವೆಂದು ಬರೆದವರ ಹೆಸರು ಹಾಕಲಿಲ್ಲ. ಪ್ರೆಸ್ಸಿನಲ್ಲಿ ಅಂಚು ಕತ್ತರಿಸುವ ಯಂತ್ರ ಕೆಟ್ಟು ಕೂತಿತ್ತು, ಹಾಗಾಗಿ ಹಾಳೆಗಳ ಮಡಿಕೆ ಕತ್ತರಿಸದೆಯೇ ಹೊಲಿದು ಕೊಟ್ಟರು. ಮೊದಲ ಪುಟದಲ್ಲಿ, 'ಓದುವ ಮೊದಲು ಮಡಿಕೆಗಳನ್ನು ಚಾಕುವಿನಿಂದ ಕತ್ತರಿಸಿಕೊಳ್ಳಿ' ಎಂದು ಅಚ್ಚಾಗಿತ್ತು. ಪ್ರೆಸ್ಸಿನವನು ಪ್ರಾಮಾಣಿಕ ಮನುಷ್ಯ. ಮೊದಲೇ ಹೇಳಿದ್ದ: "ನೋಡಿ ಯಾಕಪ್ಪನೋರೇ, ಪೊಲೀಸರು ಹೊಡೆಯೋ ತನಕ ನಾನು ಕಾಯಲ್ಲ. ಕೈ ಎತ್ತಿದ ತಕ್ಷಣ ನಿಮ್ಮ ಹೆಸರು ಹೇಳಿಬಿಡ್ತೀನಿ. ಆಮೇಲೆ ಬೇಜಾರು ಮಾಡ್ಕೋಬಾರದು."

ಮಾವ ಸೊಸೆಗೂ ಒಂದು ಪ್ರತಿ ಕೊಟ್ಟರು. "ಓದ್ತೀನಿ ಮಾವ, ಭಾನುವಾರ" ಎಂದು ಅವಳು ತೆಗೆದಿಟ್ಟಳು.

ದರ್ಜಿಯ ಅಂಗಡಿಯಲ್ಲಿ ನರ್ಸಮ್ಮ ಪುಸ್ತಕವನ್ನು ಗಟ್ಟಿಯಾಗಿ ಓದುತ್ತಿದ್ದರು. ಬಟ್ಟೆ ಹೊಲಿಸಲು ಬಂದವರೂ ನಿಂತು ಕೇಳುತ್ತಿದ್ದರು, ನಗುತ್ತಿದ್ದರು. ಒಂದು ಸಂಜೆ ಪ್ರಾರ್ಥನಾ ಮಂದಿರದ ಮೇಸ್ತ್ರಿ ಆ ದಾರಿಯಲ್ಲಿ ಹೋಗುತ್ತಿದ್ದವನು ನಗು ಕೇಳಿದ. ಏನು ಓದಿದರೆಂದು ಅವನಿಗೆ ಕೇಳಿಸಲಿಲ್ಲ. ಆದರೆ ಇಷ್ಟು ಜನ ನಗುತ್ತಿದ್ದಾರೆ ಎಂದರೆ ಯಾರೋ ದೊಡ್ಡವರನ್ನು ನೆನೆದೇ ನಗುತ್ತಿರಬೇಕು ಎಂದು ಲೆಕ್ಕ ಹಾಕಿ ದೂರು ಬರೆದುಕೊಟ್ಟ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಆಡಳಿತ ನಮ್ಮದು. ಮೂರನೆಯ ದಿನಕ್ಕೆ ಪುಸ್ತಕ ಪರಿಶೀಲನಾ ಸಮಿತಿ ನೇಮಕವಾಯಿತು.

ಸಮಿತಿಯ ಕೆಲಸಕ್ಕೆ ಒಬ್ಬ ಟೈಪಿಸ್ಟ್ ಬೇಕು. ನಗರಸಭೆಯ ಕಚೇರಿಯಲ್ಲಿ ಇದ್ದದ್ದು ಒಬ್ಬಳೇ ಟೈಪಿಸ್ಟಮ್ಮ. ಹತ್ತೊಂಬತ್ತು ವರ್ಷದಿಂದ ಅವಳು ಅಲ್ಲಿದ್ದಳು. ಟೈಪಿಸ್ಟಮ್ಮನಿಗೂ ಒಂದು ಮನೆ ಇರುತ್ತದೆ, ಆ ಮನೆಯಲ್ಲಿ ಒಬ್ಬ ಮಾವ ಇರಬಹುದು ಎಂದು ಅಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಕಡತ ಅವಳ ಮೇಜಿಗೆ ಬಂತು. 'ಹೇಳಿಕೆ ನಿಯಂತ್ರಣ ಕಾಯ್ದೆ: ಅಧಿಕಾರದಲ್ಲಿರುವವರ ಘನತೆಗೆ ಕುಂದು ತರುವ ಹೇಳಿಕೆ ನೀಡಿದವರಿಗೆ ಎರಡು ವರ್ಷ ಸುಧಾರಣಾ ಗೃಹ.' ಮಾವನಿಗೆ ಎಪ್ಪತ್ತೆರಡು. ಉಬ್ಬಸ. ಮೆಟ್ಟಿಲು ಹತ್ತಿದರೆ ಹತ್ತು ನಿಮಿಷ ಮಾತು ಹೊರಡುವುದಿಲ್ಲ, ಹತ್ತು ನಿಮಿಷ ಮನೆ ನೆಮ್ಮದಿಯಾಗಿರುವುದು ಆಗ ಮಾತ್ರ. ಸುಧಾರಣಾ ಗೃಹಕ್ಕೆ ಹೋದರೆ ಅವರು ಎರಡು ವರ್ಷ ಅಲ್ಲ, ಎರಡು ತಿಂಗಳೂ ಉಳಿಯುವುದಿಲ್ಲ.

ಸಂಜೆ ಮನೆಗೆ ಹೋಗಿ ವಿಷಯ ಹೇಳಿದಳು. ಮಾವ, "ಅವರು ಓದ್ತಾರಾ?" ಎಂದರು. ಅವರ ಮುಖದಲ್ಲಿ ಹೆದರಿಕೆಗಿಂತ ಆಸೆಯೇ ಹೆಚ್ಚಿತ್ತು. ಅವಳಿಗೆ ಸಿಟ್ಟು ನೆತ್ತಿಗೇರಿತು.

"ಓದಿದರೆ ನೀವು ಅಂತ ಗೊತ್ತಾಗುತ್ತೆ ಮಾವ! ಬರೀ ಗಡಿಯಾರದ ವಿಷಯಾನೇ ಬರೆದಿರ್ತೀರಿ. ಓದದೆ ನಿಷೇಧ ಮಾಡಿದರೆ ಪ್ರೆಸ್ಸಿನವನನ್ನ ಕರೆಸ್ತಾರೆ. ಅವನು ಬಾಗಿಲಲ್ಲೇ ನಿಮ್ಮ ಹೆಸರು ಹೇಳ್ತಾನೆ. ಹೇಗೆ ನೋಡಿದರೂ ನಮ್ಮ ಮನೆಗೇ ಬರುತ್ತೆ."

"ಮೊದಲನೇದು ವಾಸಿ" ಎಂದರು ಮಾವ. "ಓದಿದ ಹಾಗಾದ್ರೂ ಆಗುತ್ತೆ."

ಸಮಿತಿಯಲ್ಲಿ ನಾಲ್ಕು ಜನ. ನಗರಸಭೆಯ ಅಧ್ಯಕ್ಷರು, ಮಂದಿರದ ದೊಡ್ಡ ಗುರುಗಳು, ಪೊಲೀಸ್ ಸಾಹೇಬರು, ಮತ್ತು ಊರಿನ ಪದಕದ ಕವಿ. ಕವಿಗಳ ಕೋಟಿನ ಎಡಭಾಗದಲ್ಲಿ ಎಂಟು ಪದಕ, ಹಾಗಾಗಿ ಅವರು ಯಾವಾಗಲೂ ಸ್ವಲ್ಪ ಎಡಕ್ಕೇ ವಾಲಿ ನಡೆಯುತ್ತಿದ್ದರು. ಸಮಿತಿಯ ಕೈಗೆ ಸಿಕ್ಕಿದ್ದ ಪುಸ್ತಕದ ಪ್ರತಿ ಒಂದೇ. ಒಬ್ಬೊಬ್ಬರಿಗೆ ಮೂರು ದಿನದಂತೆ ಓದಲು ಕೊಟ್ಟು, ವಾಪಸು ತಂದು, ಮುಂದಿನವರಿಗೆ ಮುಟ್ಟಿಸುವುದು ಟೈಪಿಸ್ಟಮ್ಮನ ಕೆಲಸ.

ಅಧ್ಯಕ್ಷರಲ್ಲಿಂದ ಬಂದಾಗ ರಟ್ಟಿನ ಮೇಲೆ ಟೀ ಲೋಟದ ಮೂರು ಉಂಗುರ ಮೂಡಿದ್ದವು, ದಿನಕ್ಕೊಂದರಂತೆ. ಗುರುಗಳು ಮುಟ್ಟಲು ಹೇಸಿ ಬಟ್ಟೆಯಲ್ಲಿ ಸುತ್ತಿಸಿ ಇಟ್ಟಿದ್ದರು, ಅದೇ ಗಂಟಿನಲ್ಲಿ ವಾಪಸು ಬಂತು. ಪೊಲೀಸ್ ಸಾಹೇಬರು ಅದನ್ನು ಸಾಕ್ಷ್ಯವೆಂದು ಲಕೋಟೆಯಲ್ಲಿ ಹಾಕಿ ಅರಗಿನ ಮುದ್ರೆ ಒತ್ತಿಸಿದ್ದರು, ಮುದ್ರೆ ಒಡೆಯದೆಯೇ ಮರಳಿಸಿದರು. ಪದಕದ ಕವಿಗಳು ಹಿಂಬದಿಯ ರಟ್ಟಿನ ಮೇಲೆ ಪೆನ್ಸಿಲಿನಲ್ಲಿ ತಮ್ಮದೇ ಒಂದು ಪದ್ಯ ಗೀಚಿದ್ದರು. ಪ್ರತಿ ಸಲವೂ ಟೈಪಿಸ್ಟಮ್ಮ ಗಂಟೋ ಮುದ್ರೆಯೋ ಬಿಚ್ಚಿ ಪುಸ್ತಕದ ಅಂಚಿಗೆ ಹೆಬ್ಬೆರಳು ಆಡಿಸಿ ನೋಡುತ್ತಿದ್ದಳು. ಒಂದೇ ಒಂದು ಮಡಿಕೆಯೂ ಕತ್ತರಿಸಿರಲಿಲ್ಲ. ಪುಸ್ತಕ ಊರೆಲ್ಲ ಸುತ್ತಿ, ಹೋದ ಹಾಗೇ ಬಂದಿತ್ತು.

'ಓದದೇ ತೀರ್ಪು ಕೊಡೋಕೆ ಕೂರ್ತಾರಲ್ಲ, ನಾಚಿಕೆಯಾದ್ರೂ ಬೇಡವೇ' ಎಂದು ಅವಳು ಮನಸ್ಸಿನಲ್ಲೇ ಉಗಿದಳು.

ಸಭೆಯ ದಿನ ಬಂತು. ಬೆಳಗಿನ ಹನ್ನೊಂದು. ಕಿಟಕಿಯಾಚೆ ಊರ ಗಡಿಯಾರದ ಗೋಪುರ. ಅದರಲ್ಲಿ ಎಂದಿನಂತೆ ಹನ್ನೆರಡಕ್ಕೆ ಕಾಲು ಗಂಟೆ, ಹಾಗಾಗಿ ನಗರಸಭೆಯ ಎಲ್ಲ ಸಭೆಗಳೂ ಇನ್ನೇನು ಊಟಕ್ಕೆ ಏಳುವವರ ಆತುರದಲ್ಲೇ ನಡೆಯುತ್ತಿದ್ದವು. ಟೈಪಿಸ್ಟಮ್ಮ ಮೂಲೆಯ ಕುರ್ಚಿಯಲ್ಲಿ ಶೀಘ್ರಲಿಪಿಯ ಪುಸ್ತಕ ತೆರೆದು ಕೂತಳು.

ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. "ನಿಯಮದ ಪ್ರಕಾರ ಪ್ರತಿಯೊಬ್ಬರೂ ತಮ್ಮ ಆಕ್ಷೇಪ ಹೇಳಬೇಕು. ವರದಿಗೆ ಎಲ್ಲರ ಸಹಿ. ಆಮೇಲೆ ಅದನ್ನ ಚೌಕದಲ್ಲೂ ಮಂದಿರದಲ್ಲೂ ಗಟ್ಟಿಯಾಗಿ ಓದಿಸಬೇಕು, ಜನಕ್ಕೆ ಬುದ್ಧಿ ಬರ್ಲಿ ಅಂತ. ಟೈಪಿಸ್ಟಮ್ಮಾ, ಒಂದಕ್ಷರ ಬಿಡಬೇಡ. ಒಂದಕ್ಷರ ಸೇರಿಸಲೂ ಬೇಡ."

"ಆಗಲಿ ಸಾರ್."

"ಎಲ್ಲರೂ ಓದಿದ್ದೀರಿ ತಾನೇ?"

"ಓ, ಎರಡೆರಡು ಸಲ!" ಎಂದರು ಕವಿಗಳು. "ಓದಿ ಸ್ನಾನ ಮಾಡಿದೆ" ಎಂದರು ಗುರುಗಳು. ಪೊಲೀಸ್ ಸಾಹೇಬರು, "ಅಕ್ಷರ ಅಕ್ಷರ ಜಾಲಾಡಿದ್ದೀವಿ" ಎಂದರು. ಆಮೇಲೆ ನಾಲ್ವರೂ ಸುಮ್ಮನೆ ಕೂತರು. ಯಾರಾದರೂ ಮೊದಲು ಬಾಯಿಬಿಟ್ಟರೆ ಪುಸ್ತಕದಲ್ಲಿ ಏನಿದೆ ಎಂದು ತಿಳಿಯಬಹುದೆಂದು ಪ್ರತಿಯೊಬ್ಬರೂ ಉಳಿದವರ ಮುಖ ನೋಡಿದರು. ಗೋಡೆಯ ಮೇಲೆ ಹಲ್ಲಿ ಲೊಚಗುಟ್ಟಿತು. ಟೈಪಿಸ್ಟಮ್ಮ ಅದನ್ನು ಬರೆದುಕೊಳ್ಳಲಿಲ್ಲ.

ಕೊನೆಗೆ ತಡೆಯಲಾರದೆ ಕವಿಗಳೇ ಶುರುಮಾಡಿದರು. ಮೌನ ಅವರಿಗೆ ಮೊದಲಿಂದಲೂ ಆಗಿಬರುತ್ತಿರಲಿಲ್ಲ.

"ಅಯೋಗ್ಯ! ಕವಿಗಳನ್ನೂ ಬಿಟ್ಟಿಲ್ಲ ಅವನು. ನಾಡಿನ ಮುಖ್ಯಸ್ಥರ ಹುಟ್ಟುಹಬ್ಬಕ್ಕೆ ನಾನು ಬರೆದ ಪದ್ಯ ಹೊಸದಲ್ಲವಂತೆ. ಹಿಂದಿನ ಮುಖ್ಯಸ್ಥರಿಗೆ ಬರೆದಿದ್ದನ್ನೇ ಹೆಸರು ಬದಲಾಯಿಸಿ ಓದಿದ್ದಂತೆ. ಅದಕ್ಕೂ ಹಿಂದಿನವರಿಗೂ ಅದೇ ಅಂತೆ! ಒಂದೇ ಪದ್ಯಕ್ಕೆ ಮೂರು ಪದಕ! ಇದೆಲ್ಲ ಇವನಿಗೆ ಹೇಗೆ ಗೊತ್ತಾಯ್ತು ಅಂತ ಮೊದಲು ತನಿಖೆಯಾಗಬೇಕು."

ಪೊಲೀಸ್ ಸಾಹೇಬರ ಹುಬ್ಬು ಮೇಲೇರಿತು. "ಯಾವ ಪುಟ?"

"ಎಲ್ಲಾ ಪುಟದಲ್ಲೂ!"

ಗುರುಗಳಿಗೆ ಇದು ಹಿಡಿಸಲಿಲ್ಲ. ಇಷ್ಟು ದೊಡ್ಡ ಸಭೆಯಲ್ಲಿ ಒಬ್ಬ ಕವಿ ತಮಗಿಂತ ಹೆಚ್ಚು ಅವಮಾನಿತನಾಗುವುದೆಂದರೇನು? "ಪದ್ಯದ ಮಾತು ಬಿಡಿ. ನಮ್ಮ ಬಗ್ಗೆ ಏನು ಬರೆದಿದ್ದಾನೆ ನೋಡಿದಿರಾ? ಪ್ರಾರ್ಥನೆ ಮುಗಿದ ಕೂಡಲೇ ದೊಡ್ಡ ದೀಪ ತಾನಾಗಿ ಹೊತ್ತಿಕೊಳ್ಳೋದಿಲ್ಲವಂತೆ. ಹಿಂದಿನ ಕೋಣೆಯಲ್ಲಿ ಪರದೆಯ ಹಿಂದೆ ಸ್ವಿಚ್ ಇದೆಯಂತೆ! ಅದನ್ನ ಒತ್ತೋಕೆ ನನ್ನ ತಂಗಿ ಮಗನನ್ನ ಇಟ್ಕೊಂಡಿದ್ದೀನಂತೆ! ಆ ಕೋಣೆಗೆ ನಾವಿಬ್ಬರು ಬಿಟ್ಟರೆ ಯಾರೂ ಹೋಗಲ್ಲ. ಇವನು ಹೇಗೆ ಹೋದ?"

"ಸ್ವಿಚ್ಚಾ?" ಎಂದರು ಕವಿಗಳು. ಆ ದೀಪದ ಮೇಲೆ ಅವರೊಂದು ಖಂಡಕಾವ್ಯವನ್ನೇ ಬರೆದಿದ್ದರು.

"ಪುಸ್ತಕದಲ್ಲಿ ಹಾಗಿದೆ ಅಂದೆ" ಎಂದರು ಗುರುಗಳು, ಬೇರೆ ಕಡೆ ನೋಡುತ್ತ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆ ಇದೆಯಲ್ಲ, ಇಲ್ಲಿ ಕಳ್ಳ ಎಂದು ಯಾರೂ ಕರೆದೂ ಇರಲಿಲ್ಲ. ಟೈಪಿಸ್ಟಮ್ಮನ ಪೆನ್ಸಿಲು ಓಡುತ್ತಿತ್ತು. ತಲೆ ಎತ್ತಲು ಅವಳಿಗೆ ಧೈರ್ಯವಿರಲಿಲ್ಲ. ಕಣ್ಣು ಕಣ್ಣು ಕೂಡಿದರೆ ನಗು ಬರುತ್ತದೆ, ನಗು ಬಂದರೆ ಕೆಲಸ ಹೋಗುತ್ತದೆ.

ಪೊಲೀಸ್ ಸಾಹೇಬರು ಟೋಪಿ ತೆಗೆದು ಮೇಜಿನ ಮೇಲಿಟ್ಟರು. "ಇದೆಲ್ಲ ಏನೂ ಅಲ್ಲ. ಇಲಾಖೆ ಬಗ್ಗೆ ಬರೆದಿರೋದು ರಾಜದ್ರೋಹ. ಊರಲ್ಲಿ ಕಳುವಾದ ಸೈಕಲ್‌ಗಳೆಲ್ಲ ಠಾಣೆಯ ಹಿತ್ತಲಲ್ಲೇ ಇವೆಯಂತೆ. ಬಣ್ಣ ಬದಲಾಯಿಸಿ ನಮ್ಮ ಸಿಬ್ಬಂದಿನೇ ಓಡಿಸ್ತಾರಂತೆ. ಮನೇಲಿ ನನ್ನ ಹೆಂಡತಿ ಓಡಿಸೋ ಸೈಕಲ್ಲೂ ಅದೇ ಅಂತೆ. ನೀಲಿದು. ಬಣ್ಣ ಬಳಿದಿದ್ದು ಹೋದ ತಿಂಗಳು, ಅಷ್ಟರೊಳಗೆ ಹೇಗೆ ಗೊತ್ತಾಯ್ತು ಇವನಿಗೆ?"

"ನನ್ನದೊಂದು ಸೈಕಲ್ ಕಳುವಾಗಿತ್ತು" ಎಂದರು ಕವಿಗಳು ಮೆಲ್ಲಗೆ.

ಅಷ್ಟು ಹೊತ್ತಿಗೆ ಅಧ್ಯಕ್ಷರ ಮುಖ ಕೆಂಪಗಾಗಿತ್ತು. ಮೂರು ಜನರನ್ನು ಬೈದವನು ಅಧ್ಯಕ್ಷರನ್ನು ಬಿಟ್ಟಿರುತ್ತಾನೆಯೇ? ಬಿಟ್ಟಿದ್ದರೆ ಅದಕ್ಕಿಂತ ಅವಮಾನ ಉಂಟೇ? ಅವರು ಮೇಜು ಗುದ್ದಿದರು. "ನಿಮ್ಮದೆಲ್ಲ ಚಿಲ್ಲರೆ! ನನ್ನ ಬುಡಕ್ಕೇ ಕೊಡಲಿ ಹಾಕಿದ್ದಾನೆ. ವರ್ಷದ ಕೊನೆಯ ದಿನ ಊರ ಗಡಿಯಾರ ಹನ್ನೆರಡು ಹೊಡೆದಾಗ ಅಧ್ಯಕ್ಷರ ಅವಧಿ ಮುಗೀಬೇಕು ಅಂತ ಹಳೇ ನಿಯಮ ಇದೆ, ನಿಮಗ್ಯಾರಿಗಾದ್ರೂ ನೆನಪಿದೆಯಾ? ಇಲ್ಲ! ಇವನಿಗೆ ಗೊತ್ತು! ಎರಡು ವರ್ಷದ ಹಿಂದೆ, ಹನ್ನೆರಡಕ್ಕೆ ಕಾಲು ಗಂಟೆ ಇರೋವಾಗ, ನಾನೇ ಗೋಪುರ ಹತ್ತಿ ಗಡಿಯಾರ ನಿಲ್ಲಿಸಿ ಕೀಲಿ ತಂದೆನಂತೆ. ಅದು ಹೊಡೆಯೋ ತನಕ ನನ್ನ ಅವಧಿ ಮುಗಿಯಲ್ಲವಂತೆ. ಕೀಲಿ ನನ್ನ ಮೇಜಿನ ಡ್ರಾಯರ್‌ನಲ್ಲಿದೆಯಂತೆ. ಅದೂ ಎಡಗಡೆ ಡ್ರಾಯರ್ ಅಂತ!"

ಟೈಪಿಸ್ಟಮ್ಮ 'ಎಡಗಡೆ' ಎಂದು ಬರೆದುಕೊಂಡಳು. ಎರಡು ವರ್ಷ ಮಾವ ಕೇಳಿ ಕೇಳಿ ಸುಸ್ತಾದ ಪ್ರಶ್ನೆಗೆ ಉತ್ತರ ಹೀಗೆ ಮೇಜು ಗುದ್ದಿಕೊಂಡು ಹೊರಬಂದಿತ್ತು. ಪುಸ್ತಕ ನಿಷೇಧಿಸಿ ಲೇಖಕನನ್ನು ಹಿಡಿಯಬೇಕೆಂದು ಒಮ್ಮತದಿಂದ ತೀರ್ಮಾನವಾಯಿತು. ಯಾರನ್ನು ಹೆಚ್ಚು ಬೈದಿದ್ದಾನೆ ಎಂಬುದರಲ್ಲಿ ಮಾತ್ರ ಒಮ್ಮತ ಬರಲಿಲ್ಲ.

ಮಧ್ಯಾಹ್ನ ಅವಳು ಟೈಪ್‌ರೈಟರಿಗೆ ಹಾಳೆ ಏರಿಸಿದಳು. ಈಗ ಒಂದು ಮಾತು ಹೇಳಬೇಕು. ಹತ್ತೊಂಬತ್ತು ವರ್ಷ ಈ ಕಚೇರಿಯ ಮಾನ ಉಳಿಸಿದ್ದು ಯಾರೆಂದರೆ ಈ ಹೆಂಗಸು. ಸಭೆಯಲ್ಲಿ ಬಾಯಿಗೆ ಬಂದದ್ದು ಆಡುತ್ತಿದ್ದರು, ಇವಳು ತಿದ್ದಿ ತೀಡಿ, ಬೇಕಾದ್ದು ಸೇರಿಸಿ, ಬೇಡದ್ದು ಬಿಟ್ಟು, ಮನುಷ್ಯರು ಆಡಿದ ಮಾತಿನ ಹಾಗೆ ಟೈಪ್ ಮಾಡಿ ಕೊಡುತ್ತಿದ್ದಳು. ಅದು ಅವರಿಗೂ ಗೊತ್ತಿರಲಿಲ್ಲ, ತಾವೇ ಚೆನ್ನಾಗಿ ಮಾತಾಡುತ್ತೇವೆ ಎಂದುಕೊಂಡಿದ್ದರು.

ಇವತ್ತೂ ಬೆರಳು ತಾನಾಗಿ ಮುಂದೆ ಹೋಯಿತು. 'ಈ ಸುಳ್ಳು ಆರೋಪಗಳು' ಎಂದು ಹೊಡೆಯಬೇಕು, ತಡೆದಳು. ಯಾರು ಹೇಳಿದರು ಸುಳ್ಳು ಅಂತ? ಶೀಘ್ರಲಿಪಿಯ ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ಎರಡು ಸಲ ಓದಿದಳು. ನಾಲ್ಕು ಜನ ಎರಡು ಗಂಟೆ ಕೂಗಾಡಿದ್ದರು. 'ಸುಳ್ಳು' ಎಂಬ ಪದವನ್ನು ಒಬ್ಬರೂ ಆಡಿರಲಿಲ್ಲ. ಎಲ್ಲರೂ ಕೇಳಿದ್ದು ಒಂದೇ: ಇವನಿಗೆ ಹೇಗೆ ಗೊತ್ತಾಯಿತು?

ಒಂದು ಪದ ಸೇರಿಸಿದರೆ ಎಲ್ಲ ಸಲೀಸು. ಪುಸ್ತಕ ನಿಷೇಧವಾಗುತ್ತದೆ, ಪ್ರೆಸ್ಸಿನವನು ಬರುತ್ತಾನೆ, ಮಾವ ಹೋಗುತ್ತಾರೆ. ಒಂದು ಪದ ಬಿಟ್ಟರೆ ಏನಾಗುತ್ತದೋ ದೇವರೇ ಬಲ್ಲ. ಅವಳಿಗೆ ಭಯವಾಯಿತು, ನಿಜವಾಗಿ ಭಯವಾಯಿತು. ಆದರೆ ಅಪ್ಪಣೆ ಇತ್ತಲ್ಲ? ಒಂದಕ್ಷರ ಬಿಡಬೇಡ, ಸೇರಿಸಬೇಡ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಅವಳು ಅವರ ಮಾತನ್ನು ಅವರು ಆಡಿದ ಹಾಗೇ ಟೈಪ್ ಮಾಡಿದಳು. ಹದಿನಾಲ್ಕು ಪುಟ. 'ಎಂದು ಸಮಿತಿಯ ಸದಸ್ಯರು ತಿಳಿಸಿದರು' ಎಂಬಲ್ಲಿಗೆ ಮುಗಿಸಿ, ಕೆಳಗೆ ನಾಲ್ಕು ಸಹಿಗೆ ಜಾಗ ಬಿಟ್ಟಳು.

ಸಹಿ ಮಾಡಿಸಲು ಹೆದರುತ್ತಲೇ ಹೋದಳು. ಅಷ್ಟು ಹೆದರುವ ಅಗತ್ಯವಿರಲಿಲ್ಲ. ಪುಸ್ತಕ ಓದದವರು ವರದಿ ಓದುತ್ತಾರೆಯೇ? ಅಧ್ಯಕ್ಷರು ನೇರ ಕೊನೆಯ ಪುಟಕ್ಕೆ ಹಾರಿದರು. ಪೊಲೀಸ್ ಸಾಹೇಬರು ತಮ್ಮ ಹೆಸರು ಕವಿಗಳ ಹೆಸರಿಗಿಂತ ಮೇಲಿದೆಯೇ ಎಂದು ನೋಡಿ ಸಹಿ ಹಾಕಿದರು. ಗುರುಗಳು ಕಣ್ಣು ಮುಚ್ಚಿಕೊಂಡೇ ಹಾಕಿದರು. ಕವಿಗಳು ಸಹಿಯ ಕೆಳಗೆ ಒಂದು ಹೂವು ಬರೆದರು.

ಮರುದಿನ ಸಂಜೆ ಚೌಕದಲ್ಲಿ ನಗರಸಭೆಯ ಜವಾನ ಧ್ವನಿವರ್ಧಕ ಹಿಡಿದು ನಿಂತ. ಅವನ ಕಂಠ ಎಂದರೆ ಕಂಚಿನದು. ಜನ ಸೇರಿದರು. ಟೈಪಿಸ್ಟಮ್ಮ ಮಾವನ ಕೈ ಹಿಡಿದುಕೊಂಡು ಹಿಂದೆ ನಿಂತಿದ್ದಳು. ಅತ್ತ ಮಂದಿರದಲ್ಲಿ ಅದೇ ಹೊತ್ತಿಗೆ ಕಿರಿಯ ಗುರುಗಳು ಓದತೊಡಗಿದ್ದರು.

ಮೊದಲ ಪುಟಕ್ಕೆ ಜನ ಆಕಳಿಸಿದರು. ಮೂರು ಪದಕದ ಪದ್ಯದ ಹತ್ತಿರ ಯಾರೋ ಕಿಸಕ್ಕೆಂದರು. ಸ್ವಿಚ್ಚು ಬಂದಾಗ ಒಬ್ಬಳು ಮುದುಕಿ, "ನಾನು ಮೊದಲೇ ಅಂದಿದ್ದೆ, ಕರೆಂಟು ಹೋದ ದಿನ ದೇವರೂ ಬರಲ್ಲ ಅಂತ" ಎಂದಳು. ಚೌಕಕ್ಕೆ ಚೌಕವೇ ನಕ್ಕಿತು. ಸೈಕಲ್‌ ವಿಷಯ ಬಂದಾಗ ಒಂದಿಪ್ಪತ್ತು ಜನ ನಗುವುದನ್ನೂ ಬಿಟ್ಟು ಠಾಣೆಯ ಹಿತ್ತಲ ಕಡೆ ಓಡಿದರು. ಜವಾನ ಏನು ಓದುತ್ತಿದ್ದೇನೆಂದು ಅರಿವಿಲ್ಲದೆ, ಕಂಠ ಏರಿಸಿ, "ಅದೂ ಎಡಗಡೆ ಡ್ರಾಯರ್ ಅಂತ!" ಎಂದು ಮುಗಿಸಿದ.

ಎಲ್ಲರೂ ಕತ್ತೆತ್ತಿ ಗಡಿಯಾರ ನೋಡಿದರು. ಮಾವನೂ ನೋಡಿದರು. "ಅಯ್ಯೋ, ಮುಳ್ಳು ತುಕ್ಕು ಹಿಡಿದಿದೆ ಅಂದ್ಕೊಂಡಿದ್ನಲ್ಲಮ್ಮಾ" ಎಂದರು.

ನಾಲ್ಕನೆಯ ದಿನ ರಾಜಧಾನಿಯಿಂದ ಒಬ್ಬ ದೊಡ್ಡ ಅಧಿಕಾರಿಣಿ ಬಂದಿಳಿದರು. ಒಣಗಿದ ಮುಖ, ಚೂಪು ಮೂಗು, ಮಾತು ಕಡಿಮೆ. ಅಧ್ಯಕ್ಷರ ಎಡಗಡೆ ಡ್ರಾಯರು ತೆಗೆಸಿ ಕೀಲಿ ನೋಡಿದರು. ಆಮೇಲೆ, "ಆ ಪುಸ್ತಕ ತನ್ನಿ, ಒಂದು ಚಾಕು ತನ್ನಿ" ಎಂದರು. ಟೈಪಿಸ್ಟಮ್ಮ ಎರಡನ್ನೂ ತಂದು ಕೊಟ್ಟಳು. ಅಧಿಕಾರಿಣಿ ಒಂದೊಂದೇ ಮಡಿಕೆ ಕತ್ತರಿಸಿ ಓದತೊಡಗಿದರು. ನಾಲ್ವರು ಸದಸ್ಯರೂ ಎದುರಿಗೆ ಕೈಕಟ್ಟಿ ನಿಂತಿದ್ದರು. ಟೈಪಿಸ್ಟಮ್ಮನಿಗೆ ಪ್ರತಿ ಮಡಿಕೆಯ ಚರಚರಕ್ಕೂ ಮಾವನ ಉಬ್ಬಸವೇ ಕೇಳಿದಂತಾಗುತ್ತಿತ್ತು. ಈ ಹೆಂಗಸು ಓದುವ ಜಾತಿ. ಇನ್ನು ಮುಗಿಯಿತು.

ಮುಕ್ಕಾಲು ಗಂಟೆಯಾದ ಮೇಲೆ ಅವರು ತಲೆ ಎತ್ತಿದರು.

"ಇದರಲ್ಲಿ ಎಲ್ಲಿದೆ ಸೈಕಲ್ಲು? ಎಲ್ಲಿದೆ ಸ್ವಿಚ್ಚು?"

ನಾಲ್ವರೂ ಪುಸ್ತಕದ ಅಂಚನ್ನೇ ನೋಡಿದರು.

"ಇದರಲ್ಲಿ ಇರೋದು ಬರೀ ಪ್ರಶ್ನೆ. ನೂರು ಪ್ರಶ್ನೆ. ಗಡಿಯಾರ ಯಾಕೆ ನಿಂತಿದೆ, ದೀಪ ಯಾಕೆ ಪ್ರಾರ್ಥನೆ ಆದ ಮೇಲೇ ಹೊತ್ತುತ್ತೆ, ಕಳುವಾದದ್ದು ಯಾಕೆ ಸಿಗಲ್ಲ... ಒಂದಕ್ಕೂ ಉತ್ತರ ಇಲ್ಲ. ಉತ್ತರ ಕೊಟ್ಟಿರೋರು ನೀವು. ಸಹಿ ಬೇರೆ ಹಾಕಿದ್ದೀರಿ." ಹೂವಿನ ಕಡೆ ಒಂದು ಕ್ಷಣ ನೋಡಿದರು. "ಕಾಯ್ದೆಯಲ್ಲಿ ಹೇಳಿಕೆ ಕೊಟ್ಟರೆ ಶಿಕ್ಷೆ ಅಂತಿದೆ. ಪ್ರಶ್ನೆ ಕೇಳಿದರೆ ಅಂತ ಇಲ್ಲ. ಯಾರಾದರೂ ಕೇಳ್ತಾರೆ ಅಂತ ಕಾಯ್ದೆ ಬರೆದವರಿಗೆ ಹೊಳೆದೇ ಇಲ್ಲ."

ಟೈಪಿಸ್ಟಮ್ಮ ಕತ್ತರಿಸಿದ ಹಾಳೆಗಳನ್ನೇ ನೋಡಿದಳು. ಬರೀ ಪ್ರಶ್ನೆಯೇ? ಮಾವ ಒಂದೂ ಹೇಳಿಕೆ ಬರೆದಿರಲಿಲ್ಲವೇ? ಅಷ್ಟರಲ್ಲಿ ಅಧಿಕಾರಿಣಿ ಅವಳ ಕಡೆ ತಿರುಗಿದರು.

"ನೀವು ಇದನ್ನ ಓದಿದ್ದೀರಾ?"

"ಓದಿದ್ದೀನಿ ಮೇಡಂ" ಎಂದಳು. ಥಟ್ಟನೆ ಬಂದುಬಿಟ್ಟಿತು ಬಾಯಿಗೆ, ಆ ನಾಲ್ವರ ಬಾಯಿಗೆ ಬಂದ ಹಾಗೇ.

ಅಧಿಕಾರಿಣಿ ಅವಳನ್ನೇ ನೋಡಿದರು. ಇನ್ನೇನೋ ಕೇಳುವವರಿದ್ದರು, ಕೇಳಲಿಲ್ಲ. ವರದಿಯ ಎಲ್ಲ ಪ್ರತಿ ಜಪ್ತಿ, ವರದಿ ಇಲ್ಲವಾದ್ದರಿಂದ ಸಭೆ ನಡೆದೇ ಇಲ್ಲ, ಸಭೆ ನಡೆಯದ್ದರಿಂದ ದೂರು ಮುಕ್ತಾಯ ಎಂದು ಮೂರು ಸಾಲು ಹೇಳಿ ಬರೆಸಿದರು. ಆ ಮೂರು ಸಾಲನ್ನು ಟೈಪಿಸ್ಟಮ್ಮ ತಿದ್ದಬೇಕಾಗಲೇ ಇಲ್ಲ. ಕೊನೆಗೆ, "ಈ ಊರಲ್ಲಿ ಗಡಿಯಾರ ರಿಪೇರಿ ಮಾಡೋರು ಯಾರಾದರೂ ಇದ್ದಾರಾ?" ಎಂದರು.

ಮಾವ ಗೋಪುರ ಹತ್ತಲು ಅರ್ಧ ಗಂಟೆ ತೆಗೆದುಕೊಂಡರು, ಮೂರು ಕಡೆ ಕೂತು ಉಸಿರು ತಿರುಗಿಸಿಕೊಂಡರು. ಮುಳ್ಳು ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಗಡಿಯಾರ ಶುರುಮಾಡಿದರು. ಹದಿನೈದು ನಿಮಿಷ ಊರೆಲ್ಲ ಕತ್ತೆತ್ತಿ ನಿಂತಿತು. ಆ ಹದಿನೈದು ನಿಮಿಷದಲ್ಲಿ ಅಧ್ಯಕ್ಷರು ಸಿಕ್ಕಿದ ಕಡತಕ್ಕೆಲ್ಲ ಸಹಿ ಹಾಕಿದರಂತೆ. ಆಮೇಲೆ, ಸಂಜೆ ನಾಲ್ಕೂ ಇಪ್ಪತ್ತಕ್ಕೆ, ಗಡಿಯಾರ ಹನ್ನೆರಡು ಹೊಡೆಯಿತು.

ಅವತ್ತು ರಾತ್ರಿ ಮಾವ ಊಟದ ಮೇಜಿನ ಮುಂದೆ ಕೂತು, ಕೈಯ ಗ್ರೀಸು ಒರೆಸಿಕೊಳ್ಳುತ್ತ, ಮಗುವಿನ ಹಾಗೆ ನಗುತ್ತಿದ್ದರು.

"ಅಲ್ಲಮ್ಮಾ, ನಾಲ್ಕು ಜನಾನೂ ಓದಿಲ್ಲ ಅಂತ ನಿನಗೆ ಮೊದಲೇ ಹೇಗೆ ಗೊತ್ತಾಯ್ತು?"

"ಮಡಿಕೆ, ಮಾವ! ಒಂದು ಮಡಿಕೇನೂ ಕತ್ತರಿಸಿರಲಿಲ್ಲ. ನಾಚಿಕೆಗೆಟ್ಟವರು! ಕೈಯಲ್ಲಿ ಇಟ್ಕೊಂಡು, ಒಬ್ಬ ಮನುಷ್ಯ ಅಷ್ಟು ಕಷ್ಟಪಟ್ಟು ಬರೆದದ್ದನ್ನ..."

ಮಾವನ ದೃಷ್ಟಿ ಮೆಲ್ಲಗೆ ಮೇಜಿನ ಕೆಳಕ್ಕೆ ಇಳಿಯಿತು. ಆ ಮೇಜಿನ ಒಂದು ಕಾಲು ಮೋಟು. ಎರಡು ತಿಂಗಳಿಂದ ಅದು ಅಲುಗಾಡುತ್ತಿರಲಿಲ್ಲ. ಯಾಕೆ ಅಲುಗಾಡುತ್ತಿಲ್ಲ ಎಂದು ಎಲ್ಲಕ್ಕೂ ಯಾಕೆ ಕೇಳುವ ಮನುಷ್ಯ ಒಂದು ಸಲವೂ ಕೇಳಿರಲಿಲ್ಲ.

ಅವಳು ಬಗ್ಗಿ ನೋಡಬೇಕಾಗಿರಲಿಲ್ಲ, ಇಟ್ಟವಳು ಅವಳೇ. ಕಣ್ಣಲ್ಲಿ ನೀರೇ ಬಂತು. "ಭಾನುವಾರ ಓದೋಣ ಅಂತಿದ್ದೆ ಮಾವ. ಭಾನುವಾರ ಬಟ್ಟೆ ಒಗೆಯೋದು ಬರುತ್ತೆ..."

"ಚಾಕು ಎಲ್ಲಿದೆಯಮ್ಮಾ?" ಎಂದರು ಮಾವ.

ಅವಳು ಮೇಜನ್ನು ಸ್ವಲ್ಪ ಎತ್ತಿ ಪುಸ್ತಕ ಎಳೆದುಕೊಂಡಳು, ರಟ್ಟು ಸೆರಗಿನಲ್ಲಿ ಒರೆಸಿದಳು, ನಿಂತುಕೊಂಡೇ ಮಡಿಕೆ ಕತ್ತರಿಸುತ್ತ ಓದತೊಡಗಿದಳು. ಕೆಲವಕ್ಕೆ ನಕ್ಕಳು. ಹಾಲು, ನೀರಿನ ಪ್ರಶ್ನೆಯೂ ಇತ್ತು. ಕೊನೆಯ ಮಡಿಕೆ ಕತ್ತರಿಸಿದಾಗ ಇದ್ದದ್ದು ಇಷ್ಟು:

'ನೂರನೆಯ ಪ್ರಶ್ನೆ. ನಮ್ಮ ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುವವಳು ಎಲ್ಲರಿಗಿಂತ ಕೊನೆಗೆ ಉಣ್ಣುವುದು ಯಾಕೆ?'

ಅವಳು ಅದನ್ನು ಎರಡು ಸಲ ಓದಿದಳು. ಒಲೆಯ ಮೇಲೆ ಅಡುಗೆ ಆಗಿತ್ತು, ಬಡಿಸುವ ಹೊತ್ತು. ಮಾವ ತಟ್ಟೆಯ ಜಾಗದಲ್ಲಿ ಕೈ ಊರಿಕೊಂಡು ಕಾಯುತ್ತಿದ್ದರು, ಇಪ್ಪತ್ತು ವರ್ಷದಿಂದ ಕಾದ ಹಾಗೇ.

"ಮಾವ, ಇದಕ್ಕೆ ಉತ್ತರ ಏನು?"

ಮಾವ ಕನ್ನಡಕ ತೆಗೆದರು, ಹಾಕಿಕೊಂಡರು. "ಅದು... ಅದಕ್ಕೊಂದು ಸಮಿತಿ ಕೂರಬೇಕಾಗುತ್ತಮ್ಮಾ."

"ಸಮಿತಿ ಕೂತಿದೆ" ಎಂದು ಅವಳು ಕುರ್ಚಿ ಎಳೆದು ಎದುರಿಗೆ ಕೂತಳು. "ಹೇಳಿ. ಒಂದಕ್ಷರ ಬಿಡದೆ ಬರ್ಕೋತೀನಿ."

ಮಾವ ಮೊಣಕಾಲು ಹಿಡಿದುಕೊಂಡು ಎದ್ದು ಅಡುಗೆಮನೆಗೆ ಹೋದರು. ತಟ್ಟೆಯ ಸದ್ದಾಯಿತು, ಏನೋ ಬಿದ್ದ ಸದ್ದಾಯಿತು. ಅವಳು ಏಳಲು ಹೋದವಳು ಏಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಒಳಗಿನಿಂದ ದನಿ ಬಂತು.

"ಸೌಟು ಎಲ್ಲಿರುತ್ತಮ್ಮಾ?"

"ಎಡಗಡೆ ಡ್ರಾಯರ್‌ನಲ್ಲಿ" ಎಂದಳು.

ಮೇಜು ಮತ್ತೆ ಅಲುಗಾಡುತ್ತಿತ್ತು. ಅವಳು ಕೈಚೀಲದಿಂದ, ಜಪ್ತಿಗೆ ಸಿಗದೆ ಉಳಿದಿದ್ದ ಹದಿನಾಲ್ಕು ಪುಟದ ಕಾರ್ಬನ್ ಪ್ರತಿ ತೆಗೆದು, ನಾಲ್ಕು ಮಡಿಕೆ ಮಾಡಿ, ಮೋಟು ಕಾಲಿನ ಕೆಳಗೆ ಇಟ್ಟಳು. ಸರಿಯಾಗಿ ಕೂತಿತು. ಆಮೇಲೆ ತನ್ನ ತಟ್ಟೆ ಬರಲಿ ಎಂದು ಕಾಯುತ್ತ ಕೂತಳು.